ಬ್ರೇಕ್ ಒತ್ತಿದಾಗಲೇ ಬೆಲ್ಟ್ ಸರ್ವೋ ಕೈಕೊಡುತ್ತಿದೆ, ಇನ್ನೂ ದೊಡ್ಡ ಮೋಟರ್ ಬೇಕಾ?

ಪಿಟ್‌ಲೇನ್ ಪುಟ್ಟ
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ನನ್ನ ಸಿಮ್ ರಿಗ್‌ಗೆ (ಮನೆಯಲ್ಲೇ ಕಾರ್ ರೇಸ್ ಆಟ ಆಡುವ ಸೀಟು, ಸ್ಟೀರಿಂಗ್, ಪೆಡಲಿನ ಚೌಕಟ್ಟು) ಬೆಲ್ಟ್ ಟೆನ್ಷನರ್ ಕಟ್ಟುತ್ತಿದ್ದೇನೆ. ಆಟದಲ್ಲಿ ಬ್ರೇಕ್ ಹಾಕಿದಾಗ ಸೀಟಿನ ಹಿಂದಿನ ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್) ಭುಜದ ಬೆಲ್ಟನ್ನು ಎಳೆಯಬೇಕು, ಬ್ರೇಕ್ ಬಿಟ್ಟಾಗ ಸಡಿಲ ಮಾಡಬೇಕು. ಇಷ್ಟೇ ಆಸೆ.

ಹಾಕಿರುವ ಸಾಮಾನು: 60 ಕೆಜಿ-ಸೆಂಮೀ ಸರ್ವೋ ಎರಡು (ಎಡಕ್ಕೊಂದು, ಬಲಕ್ಕೊಂದು), ಆರ್ಡುಯಿನೋ ಊನೋ (ಸರ್ವೋಗೆ ಆಜ್ಞೆ ಕೊಡುವ ಪುಟ್ಟ ಬೋರ್ಡ್), ಸಿಮ್‌ಹಬ್ (ಆಟದ ಅಂಕಿಗಳನ್ನು ಆ ಬೋರ್ಡಿಗೆ ಕಳಿಸುವ ಸಾಫ್ಟ್‌ವೇರ್), 12 ವೋಲ್ಟ್ 5 ಆಂಪ್ ಪವರ್ ಸಪ್ಲೈ, ಅದರ ಮುಂದೆ 7.4 ವೋಲ್ಟ್‌ಗೆ ಇಳಿಸುವ ಬಕ್ ಕನ್ವರ್ಟರ್. ಸರ್ವೋ ತೋಳು ನಾನೇ ತ್ರೀಡಿ ಪ್ರಿಂಟ್ ಮಾಡಿದ್ದು, 7 ಸೆಂಮೀ ಉದ್ದ. ಬೆಲ್ಟ್ ನಾಲ್ಕು ಪಾಯಿಂಟಿನದು, ಅಂದರೆ ಭುಜಕ್ಕೆ ಎರಡು, ಸೊಂಟಕ್ಕೆ ಎರಡು ಪಟ್ಟಿ.

ಮೇಜಿನ ಮೇಲೆ ಇಟ್ಟು ಓಡಿಸಿದಾಗ ಬಲು ಚೆಂದ ಓಡಿತು. ಬೆಲ್ಟ್ ಕಟ್ಟಿಕೊಂಡು ಕೂತು ಮೊದಲ ಜೋರು ಬ್ರೇಕ್ ಒತ್ತಿದ ಕೂಡಲೇ ತೋಳುಗಳು ಗಡಗಡ ನಡುಗುತ್ತವೆ. ಕೆಲವು ಸಲ ಕಂಪ್ಯೂಟರಿನಲ್ಲಿ ಯುಎಸ್‌ಬಿ ಕಳಚಿದ ಸದ್ದು ಬರುತ್ತದೆ. ಹತ್ತು ನಿಮಿಷ ಆಡಿದರೆ ಸರ್ವೋ ಮುಟ್ಟಲಾಗದಷ್ಟು ಬಿಸಿ. ಇಷ್ಟಾಗಿಯೂ ಎಳೆತ ಮಾತ್ರ ಯಾರೋ ಹಿಂದಿನಿಂದ ಅಂಗಿ ಜಗ್ಗಿದ ಹಾಗಿದೆ, ಅಷ್ಟೇ.

150 ಕೆಜಿ-ಸೆಂಮೀ ಸರ್ವೋ ತೆಗೆದುಕೊಂಡರೆ ಸರಿಹೋಗುತ್ತಾ?

ಕೊನೇಸಾಲಿನವ
ತಗೊಳ್ಳಿ. ಇಂಥದ್ದಕ್ಕೆ ದೊಡ್ಡದೇ ಬೇಕು.

ಸಾಲ್ಡರ್ ಸಾಮ್ರಾಟ
ತಗೊಳ್ಳಬೇಡಿ! ಒಂದು ನಿಮಿಷ ತಡೆಯಿರಿ. ಇದು ಮೋಟರಿನ ತೊಂದರೆಯೇ ಅಲ್ಲ.

60 ಕೆಜಿ ಸರ್ವೋ ಪೂರ್ತಿ ಜೋರಿಗೆ ಹೋಗಿ ನಿಂತುಬಿಟ್ಟರೆ ಒಂದೊಂದೇ ಸುಮಾರು 5-6 ಆಂಪ್ ಎಳೆಯುತ್ತದೆ. ಎರಡಕ್ಕೆ 11-12 ಆಂಪ್. ನಿಮ್ಮ ಸಪ್ಲೈ ಒಟ್ಟು 60 ವ್ಯಾಟ್. ಬಕ್ ಕನ್ವರ್ಟರಿನ ನಷ್ಟ ಕಳೆದರೆ 7.4 ವೋಲ್ಟಿನಲ್ಲಿ ಕೈಗೆ ಸಿಗುವುದು 7 ಆಂಪ್ ಚಿಲ್ಲರೆ, ಅದೂ ನಿಮ್ಮ ಕನ್ವರ್ಟರ್ ಅಷ್ಟು ತಡೆದರೆ. ಬ್ರೇಕ್ ಒತ್ತಿದಾಗ ಎರಡೂ ಒಟ್ಟಿಗೆ ಎಳೆಯುತ್ತವೆ, ವೋಲ್ಟೇಜ್ ಕುಸಿಯುತ್ತದೆ, ಸರ್ವೋ ಒಳಗಿನ ಚಿಪ್ ಸತ್ತು ಮತ್ತೆ ಹುಟ್ಟುತ್ತದೆ. ಹುಟ್ಟಿದ ಕೂಡಲೇ ಮತ್ತೆ ಎಳೆಯುತ್ತದೆ, ಮತ್ತೆ ಸಾಯುತ್ತದೆ. ಅದೇ ನಿಮ್ಮ ಗಡಗಡ.

ಒಂದು ಪ್ರಶ್ನೆ. ಸರ್ವೋಗಳ ಕರೆಂಟ್ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರ್ ಸಿಕ್ಕಿಸುವ ತೂತಿನ ಹಲಗೆ) ಮೇಲೆ ಹಾದು ಹೋಗುತ್ತಿದೆಯಾ?

ಪಿಟ್‌ಲೇನ್ ಪುಟ್ಟ
ಹೌದು... 🙈

ಸಾಲ್ಡರ್ ಸಾಮ್ರಾಟ
ಅಂದುಕೊಂಡೆ. ಬ್ರೆಡ್‌ಬೋರ್ಡಿನ ಕ್ಲಿಪ್ಪುಗಳು ಒಂದು ಆಂಪ್ ಆಸುಪಾಸಿನವು. ಅದನ್ನು ಇವತ್ತೇ ತೆಗೆಯಿರಿ, ಪ್ಲಾಸ್ಟಿಕ್ ಕರಗುವ ಮುಂಚೆ.

ಸಪ್ಲೈಯಿಂದ ದಪ್ಪ ವೈರ್ ನೇರ ಸರ್ವೋಗೆ ಬರಲಿ, ಎರಡಕ್ಕೂ ಬೇರೆ ಬೇರೆ ಜೋಡಿ. ಸರ್ವೋ ಪಕ್ಕದಲ್ಲೇ 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದೊಂದು ಹಾಕಿ, ಪ್ಲಸ್ ಮೈನಸ್ ತಿರುಗುಮುರುಗು ಮಾಡಬೇಡಿ. ಆರ್ಡುಯಿನೋಗೆ ಯುಎಸ್‌ಬಿಯ ಕರೆಂಟ್ ಸಾಕು, ಆದರೆ ಅದರ ಗ್ರೌಂಡ್ ಸಪ್ಲೈಯ ಗ್ರೌಂಡಿಗೆ ಸೇರಲೇಬೇಕು. ಸೇರುವುದು ಒಂದೇ ಜಾಗದಲ್ಲಿ, ಸಪ್ಲೈಯ ಬಾಯಿಯಲ್ಲಿ. ಮೋಟರಿನ ಕರೆಂಟ್ ಆರ್ಡುಯಿನೋದ ಗ್ರೌಂಡ್ ವೈರಿನಲ್ಲಿ ಓಡಾಡಿದರೆ ಯುಎಸ್‌ಬಿ ಕಳಚುವ ಸದ್ದು ಕೇಳುತ್ತಲೇ ಇರುತ್ತೀರಿ.

ಟಾರ್ಕ್ ತಾತ
ಸಾಮ್ರಾಟ ಹೇಳಿದ್ದು ಸರಿ, ಆದರೆ ಅರ್ಧ. ಕರೆಂಟ್ ಸರಿಮಾಡಿದರೂ ಎಳೆತ ಜಾಸ್ತಿ ಆಗುವುದಿಲ್ಲ. ಪುಟ್ಟಾ, ಆ 7 ಸೆಂಮೀ ತೋಳು ಯಾಕಪ್ಪಾ?

60 ಕೆಜಿ-ಸೆಂಮೀ ಅಂದರೆ 1 ಸೆಂಮೀ ದೂರದಲ್ಲಿ 60 ಕೆಜಿ. 7 ಸೆಂಮೀ ದೂರದಲ್ಲಿ 60ನ್ನು 7ರಿಂದ ಭಾಗಿಸು: ಎಂಟೂವರೆ ಕೆಜಿ. ಅದೂ ಸರ್ವೋ ಮುಂದೆ ಹೋಗಲಾಗದೆ ನಿಂತಾಗಿನ ಲೆಕ್ಕ. ದಿನನಿತ್ಯ ಅದರ ಅರ್ಧಕ್ಕಿಂತ ಜಾಸ್ತಿ ದುಡಿಸಬಾರದು, ಅಂದರೆ 4 ಕೆಜಿ. ಅಂಗಿ ಜಗ್ಗಿದ ಹಾಗಿದೆ ಅಂತ ನೀನೇ ಬರೆದಿದ್ದೀಯಲ್ಲ!

ತೋಳನ್ನು ಮೂರೂವರೆ ಸೆಂಮೀ ಮಾಡು. ಅದೇ ಸರ್ವೋ 17 ಕೆಜಿ ಎಳೆಯುತ್ತದೆ. ತೋಳು ಎರಡೂ ಕಡೆ 45 ಡಿಗ್ರಿ ಆಡಿದರೆ ಸುಮಾರು 5 ಸೆಂಮೀ ಚಲನೆ ಸಿಗುತ್ತದೆ. ಬೆಲ್ಟಿಗೆ ಅಷ್ಟು ಧಾರಾಳ ಸಾಕು.

ಪಿಟ್‌ಲೇನ್ ಪುಟ್ಟ
ತಾತ, ಚಲನೆ ಸಾಲುತ್ತಿರಲಿಲ್ಲ ಅಂತಲೇ ತೋಳು ಉದ್ದ ಮಾಡಿದ್ದು. 4 ಸೆಂಮೀ ಇದ್ದಾಗ ಬೆಲ್ಟ್ ಬಿಗಿಯಾಗುವ ಮೊದಲೇ ತೋಳು ಕೊನೆ ಮುಟ್ಟುತ್ತಿತ್ತು.

ಮೂರನೇಗೇರ್
ಹಾಗಾದರೆ ಆ 5 ಸೆಂಮೀ ಎಲ್ಲೋ ಸೋರಿಹೋಗುತ್ತಿದೆ. ಸೀಟು ಯಾವ ಥರದ್ದು? ಮೆತ್ತಗಿದೆಯಾ?

ಪಿಟ್‌ಲೇನ್ ಪುಟ್ಟ
ಹಳೇ ಕಾರಿನಿಂದ ತೆಗೆದ ಸೀಟು. ಒಳ್ಳೇ ದಪ್ಪ ಫೋಮ್, ಹಿಂದಕ್ಕೆ ವಾಲಿಸಬಹುದು.

ಮೂರನೇಗೇರ್
ಸಿಕ್ಕಿತು ಕಳ್ಳ.

ನಿಮ್ಮ ಬ್ರೇಕ್ ಪೆಡಲ್ ಲೋಡ್ ಸೆಲ್‌ನದು (ಎಷ್ಟು ಜೋರಾಗಿ ಒತ್ತಿದಿರಿ ಅಂತ ಅಳೆಯುವಂಥದ್ದು) ಇರಬೇಕು ಅಲ್ವಾ? ಪೆಡಲನ್ನು 40-50 ಕೆಜಿ ಜೋರಿನಲ್ಲಿ ಒತ್ತುತ್ತೀರಿ. ಕಾಲು ಮುಂದಕ್ಕೆ ತಳ್ಳಿದಷ್ಟೇ ಜೋರಿನಲ್ಲಿ ಬೆನ್ನು ಹಿಂದಕ್ಕೆ ಹೋಗುತ್ತದೆ. ಫೋಮ್ ಎರಡು ಸೆಂಮೀ ಕುಗ್ಗುತ್ತದೆ, ಸೀಟಿನ ಬೆನ್ನು ಇನ್ನಷ್ಟು ಬಾಗುತ್ತದೆ. ಅಂದರೆ ಬೆಲ್ಟ್ ಬಿಗಿಯಾಗಬೇಕಾದ ಅದೇ ಗಳಿಗೆಯಲ್ಲಿ ನೀವೇ ಬೆಲ್ಟಿನಿಂದ ದೂರ ಸರಿಯುತ್ತಿದ್ದೀರಿ. ಸರ್ವೋ ಪಾಪ ಆ ಸಡಿಲ ತುಂಬುವುದರಲ್ಲೇ ಅರ್ಧ ಆಯುಸ್ಸು ಕಳೆಯುತ್ತದೆ.

ನನಗೂ ಹೀಗೇ ಆಗಿತ್ತು. ಮೂರು ವಾರ ಸಾಫ್ಟ್‌ವೇರ್ ತಿದ್ದುತ್ತಾ ಕೂತಿದ್ದೆ. ಆಮೇಲೆ ಗಟ್ಟಿ ಫೈಬರ್ ಬಕೆಟ್ ಸೀಟು ಹಾಕಿದೆ, ಒಂದು ಸಂಜೆಯಲ್ಲಿ ಎಲ್ಲ ಸರಿಹೋಯಿತು. ಸೀಟು ಬದಲಿಸಲು ಆಗದಿದ್ದರೆ ಬೆನ್ನಿನ ಫೋಮ್ ತೆಗೆದು ತೆಳ್ಳಗಿನ ಗಟ್ಟಿ ಶೀಟ್ ಹಾಕಿ ನೋಡಿ. ಸೀಟಿನ ಬೆನ್ನನ್ನು ರಿಗ್ಗಿನ ಚೌಕಟ್ಟಿಗೆ ಒಂದು ಕಂಬಿ ಕೊಟ್ಟು ಬಿಗಿಯಿರಿ.

ಕೊನೇಸಾಲಿನವ
ಇಷ್ಟೆಲ್ಲ ತಲೆನೋವು ಯಾಕೆ? ದೊಡ್ಡ ಸರ್ವೋ ಹಾಕಿದರೆ ಸಡಿಲವನ್ನೂ ತುಂಬುತ್ತದೆ, ಎಳೆಯುತ್ತದೆ ಕೂಡ. ನಾನು 750 ವ್ಯಾಟಿನ ಎಸಿ ಸರ್ವೋ ಎರಡು ಹಾಕಿದ್ದೇನೆ. ಮೋಷನ್ ರಿಗ್‌ಗೆ (ಸೀಟನ್ನೇ ಅಲುಗಿಸುವ ರಿಗ್) ಅಂತ ತಂದದ್ದರಲ್ಲಿ ಉಳಿದಿತ್ತು. ರಾಟೆ 2 ಸೆಂಮೀ ತ್ರಿಜ್ಯದ್ದು. ಎದೆಯ ಮೇಲೆ ಆನೆ ಕೂತ ಹಾಗಿರುತ್ತದೆ. ಮಜಾ.

ಟಾರ್ಕ್ ತಾತ
ಆನೆ ಏಳದೇ ಇದ್ದರೆ ಏನು ಮಾಡುತ್ತೀಯ?

ಆ ಮೋಟರಿನ ರೇಟೆಡ್ ಟಾರ್ಕ್ (ಸದಾ ಕೊಡಬಲ್ಲ ತಿರುಗುಬಲ) 2.4 ನ್ಯೂಟನ್-ಮೀಟರ್ ಆಸುಪಾಸು, ಕ್ಷಣಕಾಲ ಅದರ ಮೂರರಷ್ಟು ಕೊಡಬಲ್ಲದು. 2 ಸೆಂಮೀ ರಾಟೆಯ ಮೇಲೆ ಅದು ಒಂದು ಭುಜಕ್ಕೆ 36 ಕೆಜಿ. ಎರಡು ಭುಜ ಸೇರಿ 70ರ ಮೇಲೆ. ನಿನ್ನ ಡ್ರೈವರಿನಲ್ಲಿ (ಮೋಟರಿಗೆ ಕರೆಂಟ್ ಹರಿಸುವ ಪೆಟ್ಟಿಗೆ) ಟಾರ್ಕ್ ಮಿತಿ ಎಷ್ಟಕ್ಕೆ ಇಟ್ಟಿದ್ದೀಯ?

ಕೊನೇಸಾಲಿನವ
ಇಟ್ಟಿದ್ದೇನೆ ತಾತ, ಇಟ್ಟಿದ್ದೇನೆ. 30 ಪ್ರತಿಶತ. ಕೈಯಳತೆಯಲ್ಲಿ ಕೆಂಪು ಎಮರ್ಜೆನ್ಸಿ ಬಟನ್ನೂ ಇದೆ. ನನ್ನನ್ನು ಅಷ್ಟು ದಡ್ಡ ಅಂದುಕೊಂಡಿರಾ?

ಸುಮ್ನೆ ನೋಡ್ತೀನಿ
30 ಪ್ರತಿಶತಕ್ಕೆ ಇಟ್ಟು ಓಡಿಸೋದಾದರೆ ದೊಡ್ಡದು ಯಾಕೆ ಅಂತ ಕೇಳೋ ಆಸೆ ಆಯ್ತು. ಕೇಳಲ್ಲ ಬಿಡಿ.

ಅಪೆಕ್ಸ್ ತಪ್ಪಿದವಳು
ನಾನು ಒಂದು ವರ್ಷದಿಂದ ಬಳಸುತ್ತಿದ್ದೇನೆ, ಇದೇ 60 ಕೆಜಿ ಸರ್ವೋಗಳು, ತೋಳು 3.5. ಇನ್ನೂ ಎರಡು ಮಾತು ಸೇರಿಸುತ್ತೇನೆ.

ಬಿಸಿಯ ವಿಷಯ. ಸರ್ವೋಗೆ ಯಾವಾಗಲೂ ಒಂದಿಷ್ಟು ಬಿಗಿ ಹಿಡಿದಿರುವ ಕೆಲಸ ಕೊಟ್ಟರೆ ಅದು ಬಿಸಿಯಾಗಿಯೇ ಆಗುತ್ತದೆ. ಅಲುಗಾಡದೆ ಹಿಡಿದು ನಿಲ್ಲುವುದಕ್ಕೂ ಕರೆಂಟ್ ಬೇಕಲ್ಲ. ಆ ಮೊದಲ ಬಿಗಿಯನ್ನು ಮೋಟರಿನಿಂದ ತೆಗೆದುಬಿಡಿ. ಕೂತ ಮೇಲೆ ಬೆಲ್ಟಿನ ಬಕಲ್ ಎಳೆದು ಕೈಯಿಂದಲೇ ಬಿಗಿ ಮಾಡಿಕೊಳ್ಳಿ. ನಾನು ತೋಳಿಗೆ ಸಮಾನಾಂತರವಾಗಿ ಒಂದು ಸ್ಪ್ರಿಂಗ್ ಹಾಕಿದ್ದೇನೆ, ಅದು ಸದಾ 3 ಕೆಜಿ ಎಳೆದಿರುತ್ತದೆ. ಸರ್ವೋ ಅದರ ಮೇಲಿನದ್ದನ್ನು ಮಾತ್ರ ಎಳೆಯುತ್ತದೆ. ಒಂದು ಗಂಟೆ ರೇಸ್ ಆದರೂ ಬೆಚ್ಚಗಿರುತ್ತದೆ, ಸುಡುವುದಿಲ್ಲ.

ಎರಡನೆಯದು, ನಿಮ್ಮದು ನಾಲ್ಕು ಪಾಯಿಂಟ್ ಬೆಲ್ಟ್ ಅಂದಿರಿ. ಭುಜದ ಬೆಲ್ಟ್ ಎಳೆದಾಗ ಸೊಂಟದ ಬೆಲ್ಟ್ ಮೇಲಕ್ಕೆ ಹತ್ತಿ ಹೊಟ್ಟೆಗೆ ಬರುತ್ತಿಲ್ಲವಾ?

ಪಿಟ್‌ಲೇನ್ ಪುಟ್ಟ
ಮೇಡಂ, ಬರುತ್ತದೆ! ನಾನು ಊಟ ಜಾಸ್ತಿ ಆಯಿತು ಅಂದುಕೊಂಡಿದ್ದೆ.

ಅಪೆಕ್ಸ್ ತಪ್ಪಿದವಳು
😄 ಊಟದ ತಪ್ಪಲ್ಲ. ತೊಡೆಗಳ ನಡುವೆ ಬಂದು ಬಕಲನ್ನು ಕೆಳಕ್ಕೆ ಹಿಡಿಯುವ ಪಟ್ಟಿ ಇಲ್ಲದಿದ್ದರೆ ಹಾಗೇ ಆಗುವುದು. ನಿಜವಾದ ರೇಸ್ ಕಾರಿನಲ್ಲಿ ಐದು ಅಥವಾ ಆರು ಪಾಯಿಂಟ್ ಇರುವುದು ಇದಕ್ಕೇ. ಆ ಪಟ್ಟಿ ಇಲ್ಲದಿದ್ದರೆ ಸರ್ವೋ ಎಳೆದ ಚಲನೆಯಲ್ಲಿ ಅರ್ಧ ಬಕಲ್ ಮೇಲೇರುವುದಕ್ಕೇ ಹೋಗುತ್ತದೆ. ಅಲ್ಲೂ ಸೋರಿಕೆ.

ಭುಜದ ಪಟ್ಟಿ 75 ಮಿಮೀ ಅಗಲದ್ದಿರಲಿ. ನಾನು ಮೊದಲು 50 ಮಿಮೀ ಹಾಕಿದ್ದೆ, ಎರಡು ದಿನಕ್ಕೆ ಕೊರಳೆಲುಬಿನ ಮೇಲೆ ನೀಲಿ ಗುರುತು. ಮೇಲೆ ಪ್ಯಾಡ್ ಹಾಕಿಕೊಳ್ಳಿ.

ಬಕೆಟ್ ಸೀಟು
ನಿಜವಾದ ರೇಸಿಗೆ ಅವಧಿ ಮುಗಿದ ಬೆಲ್ಟುಗಳು ಸಿಗುತ್ತವೆ, ನೋಡಿ. ಟ್ರ್ಯಾಕಿಗೆ ಬರುವುದಿಲ್ಲ, ನಮ್ಮಂಥವರಿಗೆ ಚಿನ್ನ. ತಿರುಗಿಸಿದರೆ ಎಲ್ಲ ಪಟ್ಟಿಯೂ ಒಟ್ಟಿಗೆ ಬಿಡುವ ಬಕಲ್ ಇರುತ್ತದೆ. ಮೋಟರ್ ಎಳೆಯುವ ಬೆಲ್ಟಿಗೆ ಅದಿಲ್ಲದೆ ಕೂರಬೇಡಿ.

ವೈಪರ್ ಮೋಟರ್
ನನ್ನ ಹೆಸರೇ ಹೇಳುತ್ತದೆ. ಕಾರಿನ ವೈಪರ್ ಮೋಟರ್, ಐಬಿಟಿ-2 ಅನ್ನುವ ಡ್ರೈವರ್ ಬೋರ್ಡ್, ತೋಳಿನ ಕೋನ ಓದಲು ಒಂದು ಪೊಟೆನ್ಷಿಯೋಮೀಟರ್. ಗುಜರಿಯಿಂದ ತಂದದ್ದು, ಬಲ ಭರ್ಜರಿ. ಯಾರೂ ಇದರ ಬಗ್ಗೆ ಮಾತೇ ಆಡುತ್ತಿಲ್ಲವಲ್ಲ?

ಸಾಲ್ಡರ್ ಸಾಮ್ರಾಟ
ಆಡುತ್ತೇನೆ. ವೈಪರ್ ಮೋಟರಿನಲ್ಲಿ ವರ್ಮ್ ಗೇರ್ (ಸ್ಕ್ರೂ ಥರದ ಗೇರ್) ಇರುತ್ತದೆ. ಕರೆಂಟ್ ಹೋದರೆ ತೋಳು ಇದ್ದಲ್ಲೇ ಕಚ್ಚಿಕೊಳ್ಳುತ್ತದೆ, ಹಿಂದಕ್ಕೆ ತಳ್ಳಿದರೆ ಬರುವುದಿಲ್ಲ. ಬಿಗಿ ಹಿಡಿದ ಹೊತ್ತಿಗೆ ಫ್ಯೂಸ್ ಹೋಯಿತು ಅಂದುಕೊಳ್ಳಿ. ಸಾಧಾರಣ ಸರ್ವೋ ಆದರೆ ಕರೆಂಟ್ ಹೋದ ಕೂಡಲೇ ಮೈ ಸಡಿಲ ಬಿಡುತ್ತದೆ, ಎದೆ ಉಬ್ಬಿಸಿದರೆ ಬೆಲ್ಟ್ ವಾಪಸ್ ಬರುತ್ತದೆ. ಮೈಗೆ ಕಟ್ಟಿಕೊಳ್ಳುವ ಸಾಧನಕ್ಕೆ ಈ ಒಂದು ವ್ಯತ್ಯಾಸವೇ ದೊಡ್ಡದು.

ವೈಪರ್ ಮೋಟರ್
ಬಕಲ್ ತಿರುಗಿಸಿದರೆ ಆಯಿತಪ್ಪ. ಎರಡು ವರ್ಷದಿಂದ ಬದುಕಿದ್ದೇನೆ.

ಟಾರ್ಕ್ ತಾತ
ಬದುಕಿರುವವರೇ ಇಲ್ಲಿ ಬರೆಯುವುದು ಮಾರಾಯ, ಅದು ಪುರಾವೆ ಅಲ್ಲ.

ವೈಪರ್ ಮೋಟರ್
😂 ಒಪ್ಪಿದೆ. ಆದರೂ ನನ್ನ ಮೋಟರ್ ಬಿಡಲ್ಲ.

ಫ್ಲೈಟ್ ಸಿಮ್ ಹುಚ್ಚ
ರೇಸ್ ಅಲ್ಲ, ವಿಮಾನ ಹಾರಿಸುವವನು. ನಾನು ಮೇಲೆ-ಕೆಳಗಿನ ಜಿ (ಮೈ ಮೇಲೆ ಬೀಳುವ ಬಲ, ಗುರುತ್ವದ ಲೆಕ್ಕದಲ್ಲಿ) ಮಾತ್ರ ಕೊಟ್ಟಿದ್ದೇನೆ. ಮೂಗು ಕೆಳಗೆ ಒತ್ತಿ ಮೈ ಹಗುರಾದಾಗ ಬೆಲ್ಟ್ ಬಿಗಿ, ಮೇಲಕ್ಕೆ ಎಳೆದು ಭಾರವಾದಾಗ ಸಡಿಲ. ರೇಸಿನಲ್ಲೂ ದಿಬ್ಬ ಹಾರುವಾಗ ಇದನ್ನೇ ಕೊಟ್ಟು ನೋಡಿ. ಹೊಟ್ಟೆ ಜುಂ ಅನ್ನುತ್ತದೆ.

ಮೂರನೇಗೇರ್
ಕೊಟ್ಟು ನೋಡುವವರಿಗೆ ಒಂದು ಎಚ್ಚರಿಕೆ. ಐರೇಸಿಂಗ್ ಆಟ ಕೊಡುವ ಮೇಲೆ-ಕೆಳಗಿನ ಅಂಕಿಯಲ್ಲಿ ಗುರುತ್ವವೂ ಸೇರಿರುತ್ತದೆ. ಕಾರು ಸುಮ್ಮನೆ ನಿಂತಿದ್ದರೂ 9.8 ತೋರಿಸುತ್ತದೆ. ಅದನ್ನು ಕಳೆಯದೆ ಬಳಸಿದರೆ ಪಿಟ್‌ನಲ್ಲಿ ಕೂತಾಗಲೂ ಲೆಕ್ಕ ತಪ್ಪು. ಆಟದಿಂದ ಆಟಕ್ಕೆ ಇದು ಬೇರೆ, ಮೊದಲು ನಿಂತ ಕಾರಿನಲ್ಲಿ ಅಂಕಿ ನೋಡಿಕೊಳ್ಳಿ.

ಮತ್ತೆ, ಪಿಟ್‌ಗೆ ಜಿಗಿದಾಗ ಅಥವಾ ಗೋಡೆಗೆ ಗುದ್ದಿದಾಗ ಒಂದು ಕ್ಷಣ ಹುಚ್ಚು ಅಂಕಿ ಬರುತ್ತದೆ. ಮೇಲಿನ ಮಿತಿ ಹಾಕಿ ಕತ್ತರಿಸಿ. ತೋಳು ಒಂದು ಸೆಕೆಂಡಿಗೆ ಎಷ್ಟು ಡಿಗ್ರಿ ಓಡಬಹುದು ಅನ್ನುವುದಕ್ಕೂ ಮಿತಿ ಇಡಿ.

ಕರ್ಬ್ ಕಡಿದವ
ನಾನು ಫಿಲ್ಟರ್ (ಅಂಕಿಗಳ ಜಿಗಿತವನ್ನು ನಯ ಮಾಡುವ ಲೆಕ್ಕ) ಹಾಕದೆ ಓಡಿಸಿದ್ದೆ. ಕರ್ಬ್ (ಟ್ರ್ಯಾಕಿನ ಅಂಚಿನ ಉಬ್ಬುಪಟ್ಟಿ) ಹತ್ತಿದಾಗಲೆಲ್ಲ ಸರ್ವೋ ಕೊಟರ್ ಕೊಟರ್. ಆಮೇಲೆ ಫಿಲ್ಟರ್ ಹಾಕಿದೆ, ಎಷ್ಟು ಹಾಕಿದೆ ಅಂದರೆ ಬ್ರೇಕ್ ಹಾಕಿ ತಿರುವು ಮುಗಿಸಿ ಆಚೆ ಬಂದ ಮೇಲೆ ಬೆಲ್ಟ್ ಬಿಗಿಯಾಗುತ್ತಿತ್ತು. ಈಗ ನಡುವೆ ಎಲ್ಲೋ ಇದ್ದೇನೆ.

ಮೂರನೇಗೇರ್
ಸರ್ವೋಗೆ 60 ಡಿಗ್ರಿ ತಿರುಗಲು ಬರಿಗೈಯಲ್ಲೇ ಸುಮಾರು 0.15-0.2 ಸೆಕೆಂಡ್ ಬೇಕು. ಅದರ ಮೇಲೆ ನೀವು ಮತ್ತೆ 0.2 ಸೆಕೆಂಡಿನ ಫಿಲ್ಟರ್ ಹಾಕಿದರೆ ಮದುವೆ ಮುಗಿದ ಮೇಲೆ ಓಲಗ ಊದಿದ ಹಾಗೆ. ಕರ್ಬಿನ ನಡುಕವನ್ನು ಸೀಟಿನ ಕೆಳಗೆ ಅಲುಗಿಸುವ ಶೇಕರಿಗೆ ಬಿಟ್ಟುಬಿಡಿ. ಬೆಲ್ಟಿನ ಕೆಲಸ ನಿಧಾನದ ಭಾರ, ಬ್ರೇಕ್ ಏರಿದ್ದು ಇಳಿದದ್ದು.

ಪಿಟ್‌ಲೇನ್ ಪುಟ್ಟ
ಇಷ್ಟು ಬೇಗ ಇಷ್ಟೊಂದು ಉತ್ತರ! ಈ ವಾರ ಮಾಡಿದ್ದು: ಬ್ರೆಡ್‌ಬೋರ್ಡ್ ಕಿತ್ತೆ (ಒಂದು ಮೂಲೆ ನಿಜಕ್ಕೂ ಕರಗಿತ್ತು ಸಾಮ್ರಾಟ್ ಸರ್). 12 ವೋಲ್ಟ್ 20 ಆಂಪ್ ಸಪ್ಲೈ ಹಾಕಿದೆ, ಬಕ್ ಕನ್ವರ್ಟರ್ ಸರ್ವೋಗೆ ಒಂದೊಂದು. ತೋಳು 3.5. ಸೀಟಿನ ಬೆನ್ನಿಗೆ ಕಂಬಿ ಕೊಟ್ಟೆ. ನಡುಕ ಪೂರ್ತಿ ನಿಂತಿದೆ. ಎಳೆತ ಬಂದಿದೆ.

ಹೊಸ ಕಾಟ: ಬಲಗಡೆ ಜೋರಾಗಿ ಎಳೆಯುತ್ತದೆ, ಎಡಗಡೆ ಮೆತ್ತಗೆ. ಸರ್ವೋ ಅದಲು ಬದಲು ಮಾಡಿ ನೋಡಿದೆ, ಆಗಲೂ ಎಡವೇ ಮೆತ್ತಗೆ.

ಅಪೆಕ್ಸ್ ತಪ್ಪಿದವಳು
ಬ್ಯಾಗ್ ತೂಗುವ ಕೊಕ್ಕೆಯ ತಕ್ಕಡಿ ಇದ್ದರೆ ಬೆಲ್ಟಿನ ಎದೆ ಕಡೆಯ ತುದಿಗೆ ಸಿಕ್ಕಿಸಿ ಎರಡೂ ಕಡೆ ಅಳೆಯಿರಿ. ಊಹೆ ಬೇಡ.

ಪಿಟ್‌ಲೇನ್ ಪುಟ್ಟ
ಅಳೆದೆ. ಬಲ 9 ಕೆಜಿ, ಎಡ 5 ಚಿಲ್ಲರೆ.

ಟಾರ್ಕ್ ತಾತ
ಎಡಗಡೆ ಬೆಲ್ಟ್ ಎಲ್ಲೋ ಉಜ್ಜುತ್ತಿದೆ. ಸೀಟಿನ ತೂತಿನ ಅಂಚಿನ ಮೇಲೆ ಹೊರಳಿ ಕೆಳಗಿಳಿಯುತ್ತದಾ?

ಘರ್ಷಣೆ ಚಿಕ್ಕದು ಅಂದುಕೊಳ್ಳಬೇಡ. ಬಟ್ಟೆಯ ಪಟ್ಟಿ ಒಂದು ಅಂಚಿನ ಮೇಲೆ 90 ಡಿಗ್ರಿ ಹೊರಳಿದರೆ, ಘರ್ಷಣೆಯ ಗುಣಾಂಕ 0.3 ಅಂತ ಹಿಡಿದರೂ, ಈ ಕಡೆ 10 ಕೆಜಿ ಎಳೆದದ್ದು ಆ ಕಡೆ 6 ಕೆಜಿ ಆಗಿ ಹೊರಬರುತ್ತದೆ. ಬಾವಿಯ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿದರೆ ಒಂದು ಕೈಯಲ್ಲಿ ಕೊಡ ಹಿಡಿದು ನಿಲ್ಲಬಹುದಲ್ಲ, ಅದೇ ಲೆಕ್ಕ. ಇನ್ನೂ ಕೆಟ್ಟದ್ದು ಏನೆಂದರೆ ಬಿಡುವಾಗಲೂ ಅದು ಅಂಟಿಕೊಳ್ಳುತ್ತದೆ. ಬ್ರೇಕ್ ನಿಧಾನಕ್ಕೆ ಬಿಡುತ್ತಾ ತಿರುವಿಗೆ ಇಳಿಯುವ ಆ ಸೂಕ್ಷ್ಮ ನಿನಗೆ ತಿಳಿಯುವುದೇ ಇಲ್ಲ.

ಅಲ್ಲೊಂದು ಉರುಳೆ ಹಾಕು. 608 ಬೇರಿಂಗ್ ಎರಡು, ನಡುವೆ ಒಂದು ಪೈಪಿನ ತುಂಡು, ಒಳಗೆ 8 ಮಿಮೀ ಬೋಲ್ಟ್. ಪಟ್ಟಿಗಿಂತ ಒಂದು ಸೆಂಮೀ ಅಗಲ ಇರಲಿ.

ಬಕೆಟ್ ಸೀಟು
ಉರುಳೆ ಎಲ್ಲಿ ಕೂರಿಸುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ಭುಜದ ಎತ್ತರಕ್ಕಿಂತ ತುಂಬ ಕೆಳಗೆ ಇದ್ದರೆ ಬೆಲ್ಟ್ ಬೆನ್ನೆಲುಬನ್ನು ಕೆಳಕ್ಕೆ ಒತ್ತುತ್ತದೆ. ನಿಜವಾದ ರೇಸ್ ಕಾರುಗಳಿಗೆ ಎಫ್‌ಐಎ (ಮೋಟರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ) ನಿಯಮ ಹೇಳುವುದು, ಭುಜದ ಪಟ್ಟಿ ಹಿಂದಕ್ಕೆ ಹೋಗುವಾಗ ಅಡ್ಡಗೆರೆಯಿಂದ 45 ಡಿಗ್ರಿ ಮೀರಬಾರದು, 10ರೊಳಗೆ ಇದ್ದರೆ ಒಳ್ಳೆಯದು ಅಂತ. ನಮಗೂ ಅದೇ ಸರಿ.

ಸುಮ್ನೆ ನೋಡ್ತೀನಿ
ಒಂದು ದಡ್ಡ ಪ್ರಶ್ನೆ. ನಿಜವಾದ ಕಾರಿನಲ್ಲಿ ಬ್ರೇಕ್ ಹಾಕಿದರೆ ಮೈ ಮುಂದಕ್ಕೆ ಹೋಗುತ್ತದೆ. ಇಲ್ಲಿ ಬೆಲ್ಟ್ ನಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಇದು ಉಲ್ಟಾ ಅಲ್ವಾ?

ಮೂರನೇಗೇರ್
ದಡ್ಡ ಪ್ರಶ್ನೆ ಅಲ್ಲ, ಇದೇ ನಿಜವಾದ ಪ್ರಶ್ನೆ. ಕಾರಿನಲ್ಲಿ ಎದೆ ಹೋಗಿ ಬೆಲ್ಟಿಗೆ ಒತ್ತುತ್ತದೆ, ಇಲ್ಲಿ ಬೆಲ್ಟ್ ಬಂದು ಎದೆಗೆ ಒತ್ತುತ್ತದೆ. ಎದೆಯ ಚರ್ಮಕ್ಕೆ ಎರಡೂ ಒಂದೇ. ಬೆನ್ನಿಗೆ ಮಾತ್ರ ಸುಳ್ಳು ಗೊತ್ತಾಗುತ್ತದೆ. ಕಾರಿನಲ್ಲಿ ಬ್ರೇಕ್ ಹಾಕಿದಾಗ ಬೆನ್ನು ಸೀಟಿನಿಂದ ಹಗುರಾಗಬೇಕು, ಇಲ್ಲಿ ಇನ್ನಷ್ಟು ಒತ್ತುತ್ತದೆ. ಹಾಗಿದ್ದೂ ಕಣ್ಣೆದುರು ತಿರುವು ಬರುತ್ತಿರುವಾಗ ಮನಸ್ಸು ಎದೆಯ ಮಾತನ್ನೇ ನಂಬುತ್ತದೆ. ಗಟ್ಟಿ ಸೀಟು ಇದ್ದರೆ ಬೆನ್ನಿನ ಸುಳ್ಳೂ ಕಡಿಮೆ.

ಅದಕ್ಕೇ ನಾನು ಹೇಳುವುದು, ಜೋರು ಎಳೆತ ಮುಖ್ಯ ಅಲ್ಲ. 8-10 ಕೆಜಿಯೊಳಗೇ ಏರಿಳಿತ ಸ್ಪಷ್ಟವಾಗಿದ್ದರೆ ಸಾಕು. ಆನೆ ಕೂತರೆ ಆನೆ ಕೂತಿದೆ ಅಂತ ಗೊತ್ತಾಗುತ್ತದೆ, ಬ್ರೇಕ್ ಎಷ್ಟು ಅಂತ ಗೊತ್ತಾಗುವುದಿಲ್ಲ.

ಕೊನೇಸಾಲಿನವ
ನನ್ನ ಆನೆಯ ಮೇಲೆ ಎಲ್ಲರಿಗೂ ಯಾಕೆ ಕಣ್ಣು? ಎಸಿ ಸರ್ವೋ ಟಾರ್ಕ್ ಮೋಡ್‌ನಲ್ಲಿ ಓಡುತ್ತದೆ ಅನ್ನುವುದನ್ನು ಮರೆಯಬೇಡಿ. ನಿಮ್ಮ ಚಿಕ್ಕ ಸರ್ವೋಗೆ ಗೊತ್ತಿರುವುದು ಜಾಗ ಮಾತ್ರ, "ಇಷ್ಟು ಡಿಗ್ರಿಗೆ ಹೋಗು" ಅಂತ. ಎಷ್ಟು ಬಲ ಅನ್ನುವುದು ಬೆಲ್ಟ್ ಎಷ್ಟು ಹಿಗ್ಗಿತು, ನೀವು ಹೇಗೆ ಕೂತಿರಿ ಅನ್ನುವುದರ ಮೇಲೆ. ಉಸಿರು ಎಳೆದುಕೊಂಡರೆ ಬಿಗಿ, ಬಿಟ್ಟರೆ ಸಡಿಲ. ನನ್ನದು ಬಲವನ್ನೇ ಹಿಡಿಯುತ್ತದೆ. ನಾನು ಎಲ್ಲಿ ಸರಿದರೂ ಅದೇ ಬಲ.

ಟಾರ್ಕ್ ತಾತ
ಇದು ಮಾತ್ರ ನೂರಕ್ಕೆ ನೂರು ಸರಿ. ಈ ಮಾತನ್ನು ಮೊದಲೇ ಹೇಳಿದ್ದರೆ ನಿನ್ನ ಜೊತೆ ಜಗಳವೇ ಆಡುತ್ತಿರಲಿಲ್ಲ.

ಪುಟ್ಟನ ಥರದ ಸರ್ವೋ ಇರುವವರು ತೋಳು ಮತ್ತು ಬೆಲ್ಟಿನ ನಡುವೆ ಒಂದು ಗಟ್ಟಿ ಸ್ಪ್ರಿಂಗ್ ಹಾಕಬಹುದು. ಆಗ ಇಷ್ಟು ಡಿಗ್ರಿ ಅಂದರೆ ಇಷ್ಟು ಸೆಂಮೀ ಸ್ಪ್ರಿಂಗ್ ಹಿಗ್ಗು, ಅಂದರೆ ಇಷ್ಟು ಕೆಜಿ ಅಂತ ಒಂದು ಲೆಕ್ಕ ಸಿಗುತ್ತದೆ. ಉಸಿರಾಟವನ್ನೂ ಸ್ಪ್ರಿಂಗ್ ನುಂಗಿಕೊಳ್ಳುತ್ತದೆ. ಚಲನೆ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಅದೊಂದೇ ಖರ್ಚು.

ಇನ್ನೊಂದು ಮಾತು. ತೋಳು ಮತ್ತು ಬೆಲ್ಟ್ ಒಂದೇ ನೇರ ಗೆರೆಗೆ ಬರುವವರೆಗೆ ತಿರುಗಲು ಬಿಡಬೇಡ. ಎಳೆತದ ನಡುಮಧ್ಯದಲ್ಲಿ ತೋಳು ಬೆಲ್ಟಿಗೆ 90 ಡಿಗ್ರಿ ಇರಬೇಕು. ಕೊನೆಯಲ್ಲಿ 45ಕ್ಕೆ ಬಂದಾಗ ಬಲ ಆಗಲೇ 1.4 ಪಟ್ಟು ಆಗಿರುತ್ತದೆ. ನೇರವಾಗುತ್ತಾ ಹೋದಂತೆ ಚಿಕ್ಕ ಸರ್ವೋ ಕೂಡ ಸ್ಕ್ರೂ ಜಾಕಿನ ಹಾಗೆ ಬಿಗಿಯುತ್ತದೆ. ಕೋಡಿನಲ್ಲಿ ಮಿತಿ ಹಾಕಿದ್ದೇನೆ ಅನ್ನಬೇಡ, ತೋಳಿಗೆ ಅಡ್ಡ ಒಂದು ಕಬ್ಬಿಣದ ಗೂಟ ನೆಡು.

ಹಳೇ ಆರ್ಡುಯಿನೋ
ಕೋಡಿನ ಮಾತು ಬಂದದ್ದಕ್ಕೆ. ಆರ್ಡುಯಿನೋದ ಸರ್ವೋ ಲೈಬ್ರರಿ (ಸಿದ್ಧ ಕೋಡು) ಅಟ್ಯಾಚ್ ಮಾಡಿದ ಕೂಡಲೇ, ಅಂದರೆ ಸರ್ವೋವನ್ನು ಒಂದು ಪಿನ್ನಿಗೆ ಜೋಡಿಸಿದ ಕೂಡಲೇ, ತಾನಾಗಿ 1500 ಮೈಕ್ರೋಸೆಕೆಂಡ್ ಸಿಗ್ನಲ್ ಕೊಡುತ್ತದೆ, ಅಂದರೆ ನಡುಮಧ್ಯಕ್ಕೆ ಓಡುತ್ತದೆ. ಸಿಮ್‌ಹಬ್ ಪೋರ್ಟ್ ತೆರೆದಾಗ ಊನೋ ರೀಸೆಟ್ ಆಗುತ್ತದೆ. ಎರಡೂ ಸೇರಿ, ನೀವು ಬೆಲ್ಟ್ ಕಟ್ಟಿಕೊಂಡು ಆಟ ಶುರುಮಾಡಿದರೆ ಫಟ್ ಅಂತ ಒಂದು ಎಳೆತ. ಅಟ್ಯಾಚ್ ಮಾಡುವ ಮೊದಲೇ ಸಡಿಲದ ಅಂಕಿ ಬರೆದುಬಿಡಿ.

ಕಂಪ್ಯೂಟರ್ ಹ್ಯಾಂಗ್ ಆದರೆ ಏನು ಅಂತಲೂ ಯೋಚಿಸಿ. 200 ಮಿಲಿಸೆಕೆಂಡ್ ಹೊಸ ಅಂಕಿ ಬರದಿದ್ದರೆ ತೋಳು ಸಡಿಲಕ್ಕೆ ಹೋಗಲಿ. ನಾಲ್ಕು ಸಾಲಿನ ಕೋಡು.

ಪಿಟ್‌ಲೇನ್ ಪುಟ್ಟ
ಆ ಫಟ್ ನನಗೆ ದಿನಾ ಬೀಳುತ್ತಿತ್ತು! ಹಾಗೇ ಇರುತ್ತದೇನೋ ಅಂದುಕೊಂಡಿದ್ದೆ.

ಕರ್ಬ್ ಕಡಿದವ
ಪ್ರಿಂಟ್ ಮಾಡಿದ ತೋಳು ಪಿಎಲ್‌ಎ ಪ್ಲಾಸ್ಟಿಕ್ ಆಗಿದ್ದರೆ ಇವತ್ತೇ ಬದಲಿಸಿ. 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ನನ್ನದು ರೇಸಿನ ನಡುವೆ ಬಾಳೆಹಣ್ಣಿನ ಹಾಗೆ ಬಾಗಿತ್ತು. ಅಲ್ಯೂಮಿನಿಯಂ ಪಟ್ಟಿ, ಲೋಹದ ಹಾರ್ನ್ (ಸರ್ವೋ ಅಕ್ಷದ ಮೇಲೆ ಕೂರುವ ತುಂಡು) ಹಾಕಿ.

ಸುಮ್ನೆ ನೋಡ್ತೀನಿ
ಇಷ್ಟೆಲ್ಲ ಮಾಡಿದರೆ ಲ್ಯಾಪ್ ಟೈಮ್ ಇಳಿಯುತ್ತಾ?

ಅಪೆಕ್ಸ್ ತಪ್ಪಿದವಳು
ನನಗೆ ಇಳಿದಿಲ್ಲ. ಆದರೆ ಬ್ರೇಕ್ ಬೇಗ ಬಿಟ್ಟುಬಿಡುವ ಚಾಳಿ ಹೋಯಿತು, ಬೆಲ್ಟ್ ದಿಢೀರ್ ಸಡಿಲವಾದರೆ ಗೊತ್ತಾಗುತ್ತದಲ್ಲ. ಹತ್ತು ಲ್ಯಾಪ್‌ಗಳು ಒಂದೇ ಥರ ಬರುತ್ತವೆ. ಹೆಸರು ಮಾತ್ರ ಬದಲಿಸಿಲ್ಲ.

ಪಿಟ್‌ಲೇನ್ ಪುಟ್ಟ
ಉರುಳೆ ಹಾಕಿದೆ. ಈಗ ಎಡ 11, ಬಲ 11.5. ನಿನ್ನೆ 40 ನಿಮಿಷ ಜಿಟಿ3 (ರೇಸಿಗೆ ಮಾಡಿದ ಸ್ಪೋರ್ಟ್ಸ್ ಕಾರು) ಓಡಿಸಿದೆ. ಅಯ್ಯೋ, ಏನು ಹೇಳಲಿ! ಮೊದಲ ಲ್ಯಾಪಿನಲ್ಲಿ ನಕ್ಕುಬಿಟ್ಟೆ. ಆಮೇಲೆ ಫಾರ್ಮುಲಾ ಕಾರ್ ಹತ್ತಿದೆ, ಎರಡೂ ಬ್ರೇಕ್ ಒಂದೇ ಥರ ಅನಿಸಿತು. ಯಾಕೆ?

ಮೂರನೇಗೇರ್
ಜಿಟಿ3 ಬ್ರೇಕ್ ಎರಡು ಜಿ ಹತ್ತಿರ ನಿಲ್ಲುತ್ತದೆ, ಎಫ್1 ಕಾರು 5 ಜಿ ಮುಟ್ಟುತ್ತದೆ. ನಿಮ್ಮ ಮೇಲಿನ ಮಿತಿ 2ಕ್ಕೆ ಇದ್ದರೆ ಅದರಾಚೆ ಎಲ್ಲವೂ ಒಂದೇ. 5ಕ್ಕೆ ಏರಿಸಿದರೆ ಜಿಟಿ3 ಸಪ್ಪೆ. ಕಾರಿಗೊಂದು ಪ್ರೊಫೈಲ್ ಮಾಡಿಕೊಳ್ಳಿ, ಬೇರೆ ದಾರಿ ಇಲ್ಲ.

ಪಿಟ್‌ಲೇನ್ ಪುಟ್ಟ
ಕೊನೆಯ ಪ್ರಶ್ನೆ. ಎಡಕ್ಕೆ ತಿರುಗುವಾಗ ಯಾವ ಭುಜ ಬಿಗಿಯಾಗಬೇಕು?

ಫ್ಲೈಟ್ ಸಿಮ್ ಹುಚ್ಚ
ಎಡ. ಮೈ ಬಲಕ್ಕೆ ಹೋಗುತ್ತದೆ, ಎಡ ಬೆಲ್ಟ್ ಅದನ್ನು ಹಿಡಿದು ನಿಲ್ಲಿಸಬೇಕು.

ಬಕೆಟ್ ಸೀಟು
ಬಲ. ಬಲ ಭುಜವೇ ಹೊರಕ್ಕೆ ನುಗ್ಗಿ ತನ್ನ ಬೆಲ್ಟಿಗೆ ಒತ್ತುತ್ತದೆ.

ವೈಪರ್ ಮೋಟರ್
ಎಡ.

ಕರ್ಬ್ ಕಡಿದವ
ಬಲ. ಎಡ ಅನ್ನುವವರು ಗೋ-ಕಾರ್ಟ್ ಕೂಡ ಓಡಿಸಿಲ್ಲ ಅನಿಸುತ್ತದೆ.

ವೈಪರ್ ಮೋಟರ್
ರೇಸಿನ ಗೋ-ಕಾರ್ಟ್‌ನಲ್ಲಿ ಬೆಲ್ಟೇ ಇರಲ್ಲ ಗುರು!

ಅಪೆಕ್ಸ್ ತಪ್ಪಿದವಳು
ಈ ಜಗಳ ಮುಗಿಯಲ್ಲ. ಹಿಂದೆ ಪಟ್ಟಿಗಳು ಎಷ್ಟು ಅಗಲಕ್ಕೆ ಕಟ್ಟಿವೆ, ಸೀಟಿನ ಕಿವಿಗಳು ಮೈಯನ್ನು ಎಷ್ಟು ಹಿಡಿಯುತ್ತವೆ, ಎಲ್ಲದರ ಮೇಲೂ ಇದೆ. ದಿಕ್ಕು ಉಲ್ಟಾ ಮಾಡುವ ಆಯ್ಕೆ ಸಾಫ್ಟ್‌ವೇರಿನಲ್ಲೇ ಇದೆ. ಎರಡೂ ಓಡಿಸಿ ನೋಡಿ. ಯಾವುದೇ ಆದರೂ ಬ್ರೇಕಿನ ಐದನೇ ಒಂದು ಭಾಗದಷ್ಟೇ ಕೊಡಿ, ಜಾಸ್ತಿ ಕೊಟ್ಟರೆ ಸೀಟಿನಲ್ಲಿ ಓರೆಯಾಗಿ ಕೂತ ಹಾಗೆ ಆಗುತ್ತದೆ.

ಪಿಟ್‌ಲೇನ್ ಪುಟ್ಟ
ಓಡಿಸಿ ನೋಡಿದೆ. ನನಗೆ ಗೊತ್ತಾಗಬಾರದು ಅಂತ ತಮ್ಮನನ್ನು ಕಂಪ್ಯೂಟರ್ ಮುಂದೆ ಕೂರಿಸಿದೆ. ಮೂರು ಲ್ಯಾಪಿಗೊಮ್ಮೆ ದಿಕ್ಕು ಬದಲಿಸು ಅಂದೆ. ಮೊದಲ ಸಲ ಓಡಿಸಿದಾಗ ಯಾಕೋ ಸರಿ ಇಲ್ಲ ಅಂದೆ. ಬದಲಿಸಿದ. ಪರವಾಗಿಲ್ಲ ಅಂದೆ. ಮತ್ತೆ ಬದಲಿಸಿದ. "ಹಾಂ, ಇದೇ ಕಣೋ! ಈಗ ನಿಜವಾದ ಕಾರಿನಲ್ಲಿ ಕೂತ ಹಾಗಿದೆ" ಅಂತ ಕೂಗಿದೆ.

ಇಳಿದು ಬಂದು ನೋಡಿದರೆ ಮೂರೂ ಸಲ ಅವನು ಏನನ್ನೂ ಮುಟ್ಟಿರಲಿಲ್ಲ. ಫೋನ್ ನೋಡುತ್ತಾ ಕೂತಿದ್ದ.

ಟಾರ್ಕ್ ತಾತ
ಅದು ಎಡವೋ ಬಲವೋ ಅಂತ ಹೇಳು ಮೊದಲು.